ಜೇಬಿನಲ್ಲಿದ್ದ ಕನ್ನಡಕ

ಕೋವ್ನೊ, ಮಂಗಳವಾರ

ಅಮ್ಮಾ,

ಕ್ಷೇಮವಾಗಿ ತಲುಪಿದೆ, ಪಾಠಶಾಲೆಯಲ್ಲಿ ಜಾಗ ಸಿಕ್ಕಿತು. ಹೆಂಗಸರ ಮೇಲೆ ಕಣ್ಣು ಬೀಳಬಾರದೆಂದು ಇಲ್ಲಿಯೂ ಬೀದಿಗಿಳಿಯುವಾಗ ಕನ್ನಡಕ ತೆಗೆದು ಜೇಬಿಗೆ ಹಾಕುತ್ತೇನೆ. ಕಣ್ಣು ಕಾಯದೆ ನಮ್ಮ ಯೆಹೂದಿ ಜನ ಉದ್ಧಾರವಾಗುವುದಿಲ್ಲ ಎಂದು ನನ್ನ ಪುಸ್ತಿಕೆಗಳಲ್ಲಿ ಅಚ್ಚಾಗಿದೆ, ನಾನದನ್ನು ಈಗಲೂ ನಂಬುತ್ತೇನೆ.

ನಿನ್ನೆ ಸಂತೆಯಲ್ಲಿ ಹಾಗೇ ನಡೆದು ಉಪ್ಪುಮೀನಿನ ಪೀಪಾಯಿಗೆ ಹಣೆ ಹೊಡೆದುಕೊಂಡು ಬಿದ್ದೆ. ಮಾರುವವಳು, "ಏನಪ್ಪಾ ಮಹಾತ್ಮ, ನನ್ನ ಮುಖ ನೋಡಬಾರದು ಸರಿ, ನನ್ನ ಮೀನನ್ನೂ ನೋಡಬಾರದಾ?" ಎಂದಳು. ಸಂತೆಯೆಲ್ಲ ನಕ್ಕಿತು. ಹಿಂದೆಯೇ ಬರುತ್ತಿದ್ದ ನಮ್ಮ ಗುರು ರೆಬ್ ಝುಂದೆಲ್ ನನ್ನನ್ನು ಎಬ್ಬಿಸಿ, "ಲೋ ಗೆತ್ಸೆಲ್, ಆಸೆಯಿಂದ ದಿಟ್ಟಿಸಬೇಡ ಅಂದಿದೆ ಶಾಸ್ತ್ರ. ಕುರುಡನಾಗು ಅಂತ ಎಲ್ಲಿ ಅಂದಿದೆ?" ಎಂದರು. ನಾನು ಬಿಡದೆ ವಾದ ಮಾಡಿದೆ. ಅವರು ತಣ್ಣಗೆ ಕೇಳಿದರು: "ಊರು ಬಿಡೋವಾಗಲೂ ಹೀಗೇ ಮಾಡಿದೆಯಾ? ಹೆತ್ತ ತಾಯಿಯನ್ನ ನೋಡಬೇಡ ಅಂತ ಯಾವ ಪುಸ್ತಿಕೇಲಿದೆಯೋ?"

ಅಂದು ರೈಲು ನಿಲ್ದಾಣದ ತುಂಬ ಹೆಂಗಸರಿದ್ದರು, ಕನ್ನಡಕ ಜೇಬಿನಲ್ಲಿತ್ತು. ಕಿಟಕಿಯಿಂದ ಕಂಡದ್ದು ಮಸುಕು ಬಣ್ಣಗಳು ಮಾತ್ರ. ನಿನ್ನ ಮುಖವನ್ನು ಎಷ್ಟು ನೆನೆದರೂ ಆ ಮಸುಕೇ ಎದುರಿಗೆ ಬರುತ್ತದೆ. ನಾನು ಊರಿಗೆ ಬರುವ ಪೆಸಾಖ್ ಹಬ್ಬಕ್ಕೆ ಇನ್ನೂ ಆರು ತಿಂಗಳಿದೆ.

ಹಣೆಯ ಬಾವು ಇಳಿದಿದೆ. ಕಾಲುಚೀಲ ಸಾಕಷ್ಟಿವೆ, ಕಳಿಸಬೇಡ. ಕಾರ್ಡು ತುಂಬಿತು, ಇದೊಂದನ್ನು ಬೇಗ ಬರೆದು ತಿಳಿಸು: ರೈಲು ಹೊರಟಾಗ ನಾನು ಕಂದು ಶಾಲಿನವರ ಕಡೆ ಕೈ ಬೀಸಿದೆ. ಅದು ನೀನೇ ತಾನೆ?

ನಿನ್ನ ಗೆತ್ಸೆಲ್