ಅಲ್ಲಲ್ಲಿ ಅಂದರೆ ಎಲ್ಲಿ?

ಹವಾಮನೆ, ಮುಳ್ಳುಗುಡ್ಡೆ ಬಂದರು
೨೩೧೪ನೇ ಇಸವಿ, ಫೆಬ್ರವರಿ ೩೦

ಇಪ್ಪತ್ತೊಂದನೇ ಶತಮಾನದ ಕುರ್ಚಿಗಳಲ್ಲಿ ಆಸೀನರಾಗಿರುವ, ಕೂತು ಕೂತು ಆ ಕುರ್ಚಿಗಳಲ್ಲೇ ಲೀನರಾಗಿರುವ, ಗಾಳಿ ಮಳೆಗಳ ಮುನ್ಸೂಚನೆ ನೀಡುವ ಸಕಲ ಪೂರ್ವಜ ಮಹಾಶಯರ ಸನ್ನಿಧಾನಕ್ಕೆ, ನಿಮ್ಮ ಹತ್ತನೇ ತಲೆಮಾರಿನ ದಾಖಲೆಗಾರನ ವಿಜ್ಞಾಪನೆ.

ತಾರೀಕು ನೋಡಿ ಹುಬ್ಬೇರಿಸಬೇಡಿ. ನಮ್ಮ ಕಾಲದ ಚಳಿಗಾಲ, ಹೊರಡುತ್ತೇನೆ ಅಂದು ಬಾಗಿಲಲ್ಲಿ ನಿಂತು ಇನ್ನೊಂದು ಗಂಟೆ ಮಾತಾಡುವ ನೆಂಟನ ಹಾಗಾಗಿದೆ. ಅದರ ಸಲುವಾಗಿ ಫೆಬ್ರವರಿಗೆ ಎರಡು ದಿನ ಹೆಚ್ಚಿಗೆ ಕೊಟ್ಟಿದ್ದೇವೆ. ನನ್ನ ಕೆಲವು ಪದಗಳೂ ನಿಮಗೆ ವಿಚಿತ್ರ ಎನಿಸಬಹುದು, ಕ್ಷಮೆಯಿರಲಿ. ಆದರೆ ಒಂದು ಪದ ನಿಮ್ಮಿಂದಲೇ ನಮಗೆ ಬಂದದ್ದು. ಅದಕ್ಕೆ ಕ್ಷಮೆಯಿಲ್ಲ. ಆ ಪದವನ್ನು ನಂಬಿ ಸಮುದ್ರಕ್ಕೆ ಹೋದ ಮಂಕಾಳಿ ಎಂಬ ಮೀನುಗಾರ ಐದು ದಿನವಾದರೂ ಮನೆಗೆ ಬಂದಿಲ್ಲ.

ನಮ್ಮ ಕರಾವಳಿಗೆ ಈಗ ಹಿಮ ಬೀಳುತ್ತದೆ. ಬಂದರಿನವರು ಅದಕ್ಕೆ 'ಹಿಟ್ಟು' ಅನ್ನುತ್ತಾರೆ. ಬೆಳಿಗ್ಗೆ ಎದ್ದರೆ ಹೆಂಗಸರು ಹಿಡಿಸೂಡಿ ಹಿಡಿದು ಅಂಗಳದ ಹಿಟ್ಟು ಗುಡಿಸುತ್ತಿರುತ್ತಾರೆ, ಒಣಹಾಕಿದ ಮೀನನ್ನು ಹಿಟ್ಟಿನಡಿಯಿಂದ ಹೆಕ್ಕಿ ಹೆಕ್ಕಿ ಕೊಡವುತ್ತಾರೆ. ತೆಂಗಿನ ಗರಿಗಳು ಭಾರ ತಾಳದೆ ಲಟಕ್ಕನೆ ಮುರಿಯುತ್ತವೆ. ಗಂಡಸರು ಲುಂಗಿಯ ಮೇಲೆ ಉಣ್ಣೆ ಸುತ್ತಿಕೊಂಡು ಬಿಸಿ ಗಂಜಿಗೆ ಸಿಗಡಿ ಚಟ್ನಿ ಕಲಸಿ ಉಣ್ಣುತ್ತ ಪಡುವಣದ ಕಡೆ ನೋಡುತ್ತಾರೆ. ಚಳಿಗಾಲದ ಬಾಲದಲ್ಲಿ ಆ ದಿಕ್ಕಿನಿಂದ ಬರುವುದು 'ಮುಪ್ಪೆಟ್ಟು'. ಮಳೆ, ಗಾಳಿ, ಹಿಟ್ಟು ಮೂರೂ ಸೇರಿ ಹೊಡೆಯುವ ಹೊಡೆತ. ಮೊದಲು ಮಳೆ ಮೈ ನೆನೆಸುತ್ತದೆ, ಆಮೇಲೆ ಗಾಳಿ ಕೈ ಮರಗಟ್ಟಿಸುತ್ತದೆ, ಕೊನೆಗೆ ಹಿಟ್ಟು ಬಿದ್ದು ದಡ ಯಾವ ಕಡೆ ಎಂದೇ ತಿಳಿಯುವುದಿಲ್ಲ. ಸಣ್ಣ ದೋಣಿಯವನಿಗೆ ಮೂರನೆಯ ಪೆಟ್ಟಿನ ಅಗತ್ಯವೂ ಬೀಳುವುದಿಲ್ಲ.

ಮುಪ್ಪೆಟ್ಟು ಬರುವುದು ನಮಗೆ ಗೊತ್ತಾಗುವುದಿಲ್ಲವೇ ಎಂದು ಕೇಳುತ್ತೀರಿ. ಚೆನ್ನಾಗಿ ಗೊತ್ತಾಗುತ್ತದೆ, ಹೇಸಿಗೆ ಇರುವುದು ಅಲ್ಲೇ. ಹವಾಮನೆಯ ಯಂತ್ರಕ್ಕೆ ಮಾನ ಮರ್ಯಾದೆಯ ಚಿಂತೆಯಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ. ಇಪ್ಪತ್ತೈದರ ಬೆಳಿಗ್ಗೆ ಹನ್ನೊಂದಕ್ಕೆ ಬರುತ್ತದೆ ಎಂದು ಹಿಂದಿನ ದಿನವೇ ಹಾಳೆ ಕೊಟ್ಟಿತ್ತು. ಆ ಹಾಳೆ ಒಂದನೇ ಮೇಜಿನಲ್ಲಿ 'ಬರಬಹುದು' ಆಯಿತು. ಎರಡನೇ ಮೇಜಿನಲ್ಲಿ 'ಬರುವ ಸಾಧ್ಯತೆ ಇದೆ' ಆಯಿತು. ಮೂರನೇ ಮೇಜಿನಲ್ಲಿ ನಮ್ಮ ಪದ್ಮಾಕರ ಸಾಹೇಬರು ಕನ್ನಡಕ ಒರೆಸಿಕೊಂಡು ಅದನ್ನು 'ಬರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ' ಮಾಡಿದರು. "ಬಂದೇ ಬರ್ತದೆ ಅಂತ ಬರೆದು ಬರದಿದ್ರೆ ನಿಮ್ಮಪ್ಪ ಬಂದು ಉತ್ತರ ಕೊಡ್ತಾರೇನ್ರೀ?" ಎನ್ನುವುದು ಅವರ ನಿತ್ಯಪಾರಾಯಣ. ಅವರ ಮೇಜು ದಾಟಿದ ವಾಕ್ಯವನ್ನು ಓದಿದರೆ ಹಳಸಿದ ಸಾರು ಬಾಯಿಗೆ ಬಿಟ್ಟಂತಾಗುತ್ತದೆ. ಆದರೂ ಹಾಳೆಯ ತಳದಲ್ಲಿ ಸಣ್ಣಕ್ಷರದ ಒಂದು ಸಾಲು ಇತ್ತು. ಸಣ್ಣಕ್ಷರವಾದ್ದರಿಂದ ಮೂವರೂ ಓದಿರಲಿಲ್ಲ, ಓದದೆ ಇದ್ದುದರಿಂದ ಅದು ಕೆಡದೆ ಉಳಿದಿತ್ತು: ಮುಳ್ಳುಗುಡ್ಡೆಯಿಂದ ಪಡುವಣಕ್ಕೆ ಹದಿನೈದು ಕಿಲೋಮೀಟರ್, ಯಾರೂ ಹೋಗಬೇಡಿ.

ಹಾಳೆ ಕೊನೆಗೆ ಸೇರುವುದು 'ಹವಾಕವಿ'ಯ ಕೈಗೆ. ಬರೀ ಸೂಚನೆಯನ್ನು ಬಂದರಿನವರು ಕಿವಿಗೆ ಹಾಕಿಕೊಳ್ಳುವುದಿಲ್ಲ, ಪದ್ಯವಾದರೆ ಬಾಯಲ್ಲಿ ನಿಲ್ಲುತ್ತದೆ ಎಂದು ಹುಟ್ಟಿದ ಹುದ್ದೆ ಅದು. ನಮ್ಮ ಹವಾಕವಿಯ ಹೆಸರು ಬರೆಯಲು ಲೇಖನಿಗೇ ಅಸಹ್ಯ. ಪ್ರಾಸ ಸಿಕ್ಕಿದ ದಿನ ಊಟ ಮರೆಯುವ ಆಸಾಮಿ. ಆ ಸಂಜೆ ಅವನಿಗೆ ಸಿಕ್ಕಿತು. ದೋಣಿ ನಿಲ್ಲುವ ಧಕ್ಕೆಯ ಧ್ವನಿವರ್ಧಕದಲ್ಲಿ ಮೂರು ಸಲ ಹಾಡಿಸಿದರು:

ಮಳೆ ಗಾಳಿ ಹಿಟ್ಟುಂಟು ಕಡಲಲ್ಲಿ,
ಹೆದರುವುದು ಬೇಡಣ್ಣ, ಅಲ್ಲಲ್ಲಿ.

ಅಲ್ಲಲ್ಲಿ! ಇದೇ ಪೂರ್ವಜರೇ, ನೀವು ಬಿಟ್ಟುಹೋದ ಆಸ್ತಿ. ಕರಾವಳಿಯ ಹಲವೆಡೆ, ಒಳನಾಡಿನ ಅಲ್ಲಲ್ಲಿ ಎಂದು ನೀವು ವರ್ಷಗಟ್ಟಲೆ ಉಗುಳಿದ ಎಂಜಲು. ಮಳೆ ಬಂದರೂ ಸರಿ, ಬರದಿದ್ದರೂ ಸರಿ, ಅಲ್ಲಲ್ಲಿ ಎಂದವನನ್ನು ಯಾರೂ ಹಿಡಿಯಲಾರರು. ಗೊತ್ತಿಲ್ಲದವನು ಗೊತ್ತಿಲ್ಲ ಅನ್ನಬೇಕು. ಗೊತ್ತಿದ್ದೂ ಅಲ್ಲಲ್ಲಿ ಅನ್ನುವವನ ಬಾಯನ್ನು ಯಾವ ಉಪ್ಪುನೀರಿನಿಂದ ತೊಳೆಯುವುದು?

ಮಂಕಾಳಿ ಅದನ್ನು ಕೇಳಿದ, ಗುನುಗಿದ, ಮೆಚ್ಚಿದ. ಇಪ್ಪತ್ತೈದರ ಬೆಳಿಗ್ಗೆ ಬಲೆ ಹೆಗಲಿಗೇರಿಸಿದಾಗ ಹೆಂಡತಿ ಬೀರಮ್ಮ, "ಹಿಟ್ಟು ಬೀಳ್ತದಂತೆ, ಇವತ್ತೊಂದಿನ ಬ್ಯಾಡ" ಎಂದಳು. ಅವನು ನಕ್ಕು, "ಅಲ್ಲಲ್ಲಿ ಅಂದ್ರೆ ಅಲ್ಲಿ, ಅಲ್ಲಿ. ಇಲ್ಲಲ್ಲ ಮಾರಾಯ್ತಿ! ಗಂಜಿ ಮುಚ್ಚಿಡು, ಬಂದು ಉಣ್ತೆ" ಎಂದು ಹೋದ. ಹನ್ನೊಂದಕ್ಕೆ ಬಂತು. ಯಂತ್ರ ಹೇಳಿದ್ದಕ್ಕಿಂತ ಒಂದು ನಿಮಿಷ ಮುಂಚೆ ಇಲ್ಲ, ಒಂದು ನಿಮಿಷ ತಡ ಇಲ್ಲ.

ಇವತ್ತು ಬೆಳಿಗ್ಗೆ ಬೀರಮ್ಮ ಹವಾಮನೆಗೆ ಬಂದಳು. ಅಳಲಿಲ್ಲ, ಬಯ್ಯಲಿಲ್ಲ. ಸಾಹೇಬರು ಸಾಧ್ಯತೆಗಳ ಬಗ್ಗೆ ಏನೋ ಹೇಳಲು ಬಾಯಿ ತೆರೆದರು. ಅವಳು ಅವರನ್ನು ದಾಟಿ ನೇರವಾಗಿ ಹವಾಕವಿಯ ಮೇಜಿನ ಮುಂದೆ ನಿಂತಳು.

"ಸಾಹೇಬ್ರೆ, ಪದ್ಯ ಮಾಡ್ದೋರು ನೀವೇ ಅಂದ್ರು. ಅಲ್ಲಲ್ಲಿ ಅಂದ್ರೆ ಎಲ್ಲಿ? ಜಾಗ ಹೇಳಿ. ಅಣ್ಣಂದಿರು ದೋಣಿ ತಯಾರು ಮಾಡ್ಕಂಡು ನಿಂತಿದ್ರು. ಈಗ್ಲೇ ಅಲ್ಲಿ ಹೋಗಿ ಹುಡುಕ್ತ್ರು."

ಪದ್ಯ ಎಂದು ಭಾವಿಸಿ ಕೇಳಲಿಲ್ಲ ಅವಳು. ಅಲ್ಲಲ್ಲಿ ಎಂಬುದು ಸಮುದ್ರದ ಮೇಲಿನ ಒಂದು ಜಾಗ, ಓದಿದವರಿಗೆ ಗೊತ್ತಿರುತ್ತದೆ ಎಂದು ನಂಬಿ ಕೇಳಿದಳು. ಹವಾಕವಿ ಮೇಜಿನ ಖಾನೆ ತೆರೆದ, ಮುಚ್ಚಿದ. "ಸ್ವಲ್ಪ ಹೊತ್ತು ಕೆಳಗೆ ಕೂತಿರಿ ತಾಯಿ, ನೋಡಿ ಹೇಳ್ತೇನೆ" ಎಂದ.

ಆದ್ದರಿಂದ ಮಹಾಶಯರೇ, ನನ್ನ ಕೋರಿಕೆ ಇಷ್ಟೇ. ನಿಮ್ಮ ಕಾಲದಲ್ಲೇ ಆ ಪದವನ್ನು ಹವಾಮಾನದ ವರದಿಯಿಂದ ಕಿತ್ತು, ಕುತ್ತಿಗೆ ಹಿಸುಕಿ, ಸಮುದ್ರ ಇಲ್ಲದ ಊರಿನಲ್ಲಿ ಹೂತುಬಿಡಿ. ಮುನ್ನೂರು ವರ್ಷದ ನಂತರ ನಮ್ಮಂಥವರ ಕೈಗೆ

ಸಾಕು.

ಫೆಬ್ರವರಿಗೆ ಮೂವತ್ತು ದಿನ ಯಾವ ಕಾಲಕ್ಕೂ ಇರುವುದಿಲ್ಲ. ಇವತ್ತು ಮಾರ್ಚ್ ಎರಡು, ಈ ವರ್ಷದ್ದೇ. ನಮ್ಮ ಕರಾವಳಿಗೆ ಹಿಮ ಬಿದ್ದಿಲ್ಲ. ಮಳೆ, ಗಾಳಿ, ಎರಡೇ ಪೆಟ್ಟು. ಅಷ್ಟೇ ಸಾಕಾಯಿತು. ಹಿಟ್ಟು ಎಂಬ ಪದವೊಂದನ್ನು ಬಿಟ್ಟರೆ ಪದ್ಯವೂ ಅದೇ. ಬರೆದವನು ನಾನೇ. ಬೀರಮ್ಮ ಬೆಳಿಗ್ಗೆಯಿಂದ ಕೆಳಗೆ ಬೆಂಚಿನ ಮೇಲೆ ಕೂತಿದ್ದಾಳೆ. ಅವಳು ಕೇಳಿದ ಜಾಗ ನನ್ನ ಮೇಜಿನ ಖಾನೆಯಲ್ಲಿದೆ, ಹಾಳೆಯ ತಳದ ಸಾಲಿನಲ್ಲಿ. ಅದನ್ನು ತೆಗೆದುಕೊಂಡು ಹದಿನೆಂಟು ಮೆಟ್ಟಿಲು ಇಳಿಯಲಾರದೆ ಮುನ್ನೂರು ವರ್ಷ ಮುಂದಕ್ಕೆ ಓಡಿಹೋಗಿ ಕೂತಿದ್ದೆ. ಈಗ ಇಳಿಯುತ್ತೇನೆ.

'ಹೋಗಬೇಡಿ' ಎಂಬುದಕ್ಕೆ 'ನೋಡಿ' ಎಂಬ ಪ್ರಾಸ ಒಂದನೇ ತರಗತಿಯವರಿಗೂ ಸಿಗುತ್ತದೆ. ನನಗೂ ಸಿಕ್ಕಿತ್ತು. ಸಪ್ಪೆ ಅನ್ನಿಸಿತು.