ಸೋಮವಾರದ ಮೀನು ಸಾರು

ಅವರ್ಸಾ,
೧೨ ಫೆಬ್ರವರಿ ೨೦೦೫

ಮುದ್ದು ನೀತಾ,

ಮೊದಲು ನಿಶ್ಚಿಂತೆಯಿಂದ ಉಸಿರು ಬಿಡು. ನನ್ನವ್ವನ ತಂಗಿ, ನಿನ್ನ ಬೊಮ್ಮು ಚಿಕ್ಕಜ್ಜಿ, ನಮ್ಮ ಮನೆಗೆ ಬಂದಳು. ನನಗೆ ಕಾಯಿ ತುರಿಯಲು ಬರುವುದಿಲ್ಲವೆಂದು ಬೆಳಿಗ್ಗೆಯಿಂದ ಬೈಯುತ್ತಿದ್ದಾಳೆ. ಬೈಯಲಿ ಮಾರಾಯ್ತಿ! ಆ ಬೈಗುಳ ಕೇಳಿ ನನಗೆ ಸಂತೋಷಕ್ಕೆ ಅಳುವೇ ಬಂತು.

ಚಿಕ್ಕಪ್ಪ ತೀರಿದ ವರ್ಷ ಅವಳು ಜ್ವರ ನೆತ್ತಿಗೇರಿ ಏನೇನೋ ಬಡಬಡಿಸಿದ್ದಳಲ್ಲ, ಅದನ್ನೇ ಹುಚ್ಚೆಂದು ಮುಂದಿಟ್ಟುಕೊಂಡು ಅವಳ ಮೈದುನನ ಮಗ ದೇವಾನಂದ ಕೋರ್ಟಿನಿಂದ ಅವಳ ಪಾಲಕನಾದ. ಜ್ವರ ಇಳಿಯಿತು, ಪಾಲಕ ಇಳಿಯಲಿಲ್ಲ. ಅಂಕೋಲೆಯಲ್ಲಿ ಅವಳನ್ನು ಸೌದೆ ಕೊಟ್ಟಿಗೆಯಲ್ಲಿ ಮಲಗಿಸುತ್ತಿದ್ದರು. ನಾನು ಹೋದಾಗಲೆಲ್ಲ ನಿದ್ದೆ ಮಾಡುತ್ತಿದ್ದಾಳೆಂದು ಸಾಗಹಾಕುತ್ತಿದ್ದರು. ಒಮ್ಮೆ ಹಿತ್ತಿಲಿನಿಂದ ನುಗ್ಗಿದೆ. ಅವಳ ತೋಳೆಲ್ಲ ನೀಲಿಗಟ್ಟಿತ್ತು. ಅಲ್ಲಿಂದ ನೆಟ್ಟಗೆ ಕಾರವಾರದ ಬಸ್ಸು ಹತ್ತಿ ವಕೀಲರನ್ನು ಹಿಡಿದೆ.

ಮೊನ್ನೆ ಗುರುವಾರ ವಿಚಾರಣೆ. ದೇವಾನಂದನ ಮಾತು ಬೆಣ್ಣೆ. ರವಿವಾರದ ಬಂಗಡೆ ಸಾರು ಮರುದಿನ ಇನ್ನೂ ರುಚಿ, ಅದನ್ನು ಪ್ರೀತಿಯಿಂದ ಬಡಿಸಿದರೆ ಮುದುಕಿ ಬಟ್ಟಲನ್ನೇ ಅಂಗಳಕ್ಕೆ ಎಸೆಯುತ್ತಾಳೆ, ಹುಚ್ಚಿಗೆ ಬೇರೆ ಸಾಕ್ಷಿ ಬೇಕೇ ಎಂದ. ನ್ಯಾಯಾಧೀಶರು ಚಿಕ್ಕಿಯ ಕಡೆ ತಿರುಗಿದರು. ಅವಳು ಸೆರಗು ಸಿಕ್ಕಿಸಿಕೊಂಡು ಎದ್ದಳು ನೋಡು:

“ಸಾಯ್ಬ್ರೇ, ರವಿವಾರದ ಮರುದಿನ ಎಂತ ವಾರ? ಸೋಮವಾರ ನಾ ಮೀನ ಮುಟ್ಟೂದಿಲ್ಲ, ಮದ್ವೆ ಆದಾಗಿಂದ. ಇವ್ನ ಹೆಂಡ್ತಿನೂ ಮುಟ್ಟೂದಿಲ್ಲ. ಹಂಗಾಗೇ ಉಳದದ್ದ ನಂಗೆ ಹಾಕೂದು. ವಾರ ಗೊತ್ತಿಲ್ದೇ ಇದ್ದದ್ದ ಇಂವಂಗೆ, ಮರುಳು ನಂಗಂತೆ!”

ಇಡೀ ಕೋರ್ಟು ನಕ್ಕಿತು. ದೇವಾನಂದ ಇಂಗು ತಿಂದ ಮಂಗನಂತಾದ. ಅಂದರೆ ಪ್ರತಿ ಸೋಮವಾರ ಅವಳು ಉಪವಾಸವಿದ್ದಳು ಎಂದು ನ್ಯಾಯಾಧೀಶರು ಮೆಲ್ಲಗೆ ಹೇಳಿದಾಗ ನಗು ನಿಂತಿತು.

ಆಮೇಲೆ ಅವಳೊಬ್ಬಳನ್ನೇ ಒಳಗೆ ಕರೆದು ಬಹಳ ಹೊತ್ತು ಮಾತಾಡಿದರು. ದೇವಾನಂದನ ಪಾಲಕತ್ವ ಅಂದೇ ರದ್ದಾಯಿತು. ವೈದ್ಯರು ಮತ್ತೆ ಪರೀಕ್ಷಿಸುವ ತನಕ ಆ ಜವಾಬ್ದಾರಿ ನನ್ನದು. ಅಧಿಕಾರಿಯೊಬ್ಬರು ಮುಂಚೆ ತಿಳಿಸದೆ ಬಂದು, ನನ್ನನ್ನು ಹೊರಗಿಟ್ಟು ಅವಳನ್ನು ಮಾತಾಡಿಸುತ್ತಾರಂತೆ. ಬರಲಿ, ನನಗೇನು ಹೆದರಿಕೆ? ಇಲ್ಲಿ ಅವಳು ರಾಣಿಯ ಹಾಗೆ ಓಡಾಡಿಕೊಂಡಿದ್ದಾಳೆ.

ಹೋಳಿ ಹುಣ್ಣಿಮೆಯ ಶಿಗ್ಮೋ ರಜೆಗೆ ಬಾ.

ನಿನ್ನ ದಾರಿ ಕಾಯುವ ಅವ್ವ,
ಜಯಂತಿ

ತಾ.ಕ.: ಚಿಕ್ಕಿ ಪೆನ್ನು ಕಸಿದುಕೊಂಡಳು. ಇನ್ನು ಅವಳದೇ ಅಕ್ಷರ.

ನೀತಾ, ನಿನ್ನವ್ವ ಒಂದು ಮಾತು ನುಂಗಿಕೊಂಡಿದ್ದಾಳೆ. ನಿನ್ನೆ ಮೀನುಪೇಟೆಗೆ ಹೋಗುವಾಗ ಹೊರಗಿನಿಂದ ಚಿಲಕ ಹಾಕಿ ಹೋಗಿದ್ದಳು. ನಾನು ಎಲ್ಲಾದರೂ ಹೋಗಿ ಬಿದ್ದೇನೆಂಬ ಹೆದರಿಕೆಯಂತೆ. ದೇವಾನಂದನೂ ಮೊದಮೊದಲು ಹೀಗೇ ಹೇಳಿದ್ದ. ನಾನು ಬೈದೆ, ಅವಳು ಅತ್ತಳು. ಇವತ್ತು ಬಡಿಗ ಬೀರಾನನ್ನು ಅವಳೇ ಕರೆಸಿ ಚಿಲಕ ಕೀಳಿಸಿದಳು. ಈಗ ಇರುವುದು ಒಳಗಿನ ಚಿಲಕ ಒಂದೇ. ಅದನ್ನು ಹಾಕುವವಳು ನಾನು.
— ಬೊಮ್ಮು ಚಿಕ್ಕಜ್ಜಿ