ಒಂದು ಸುತ್ತು ತಟ್ಟೆ

ಡೇಲಿ ಸಿಟಿ, ಭಾನುವಾರ

ಪ್ರೀತಿಯ ಅಕ್ಕ,

ಅಮೆರಿಕದಲ್ಲಿ ನಮ್ಮ ಫಿಲಿಪಿನೋ ಅಡುಗೆ ಬೋರ್ಡಿನ ಮೇಲೆ ಮಾತ್ರ ಇರುತ್ತದೆ ಎಂದಿದ್ದೆಯಲ್ಲ, ನೋಡಿಯೇ ಬಿಡೋಣವೆಂದು ನಿನ್ನೆ ಮಧ್ಯಾಹ್ನ ಪಾಂಪಾಂಗದವಳೊಬ್ಬಳ ಹೋಟೆಲಿಗೆ ಹೋದೆ. ಮೀನಿನ ಸಿನಿಗಾಂಗ್ ಸಾರು ತರಿಸಿ, ಒಂದು ಚಮಚ ಕುಡಿದು, "ಇದು ಪೊಟ್ಟಣದ ಹುಳಿ" ಎಂದೆ. ಒಡತಿ ಸೊಂಟದ ಮೇಲೆ ಕೈಯಿಟ್ಟು, "ಯಾವೂರಮ್ಮ ನಿಮ್ದು?" ಎಂದಳು. ಬಟಾಂಗಾಸ್ ಎಂದೆ. "ಅದಕ್ಕೇ ಈ ನಾಲಿಗೆ. ಈ ಚಳೀಲಿ ಹುಣಸೆಮರ ಎಲ್ಲಿದೆ ತೋರ್ಸಿ, ನಾನೇ ಹತ್ತಿ ಕಿತ್ಕೊಂಡ್ ಬರ್ತೀನಿ."

ಅಷ್ಟರಲ್ಲಿ ಪಕ್ಕದ ಮೇಜಿನ ನರ್ಸ್ ಹುಡುಗಿಗೆ ಆಸ್ಪತ್ರೆಯಿಂದ ಫೋನ್ ಬಂತು. ಅನ್ನ ಅರ್ಧಕ್ಕೇ ಬಿಟ್ಟು ಎದ್ದಳು. "ತಡಿಯೇ, ಬಾಗ್ಲು ದಾಟ್ಬೇಡ" ಎಂದು ಒಡತಿ ಕೂಗಿದಳು. ಹೋಟೆಲಿನಲ್ಲಿದ್ದವರೆಲ್ಲ, ಗುರುತು ಪರಿಚಯ ಇಲ್ಲದವರೂ, ತಮ್ಮ ತಮ್ಮ ತಟ್ಟೆಯನ್ನು ಒಂದು ಸುತ್ತು ತಿರುಗಿಸಿದರು. ಊಟದ ನಡುವೆ ಎದ್ದವಳು ಕ್ಷೇಮವಾಗಿ ತಲುಪಬೇಕಲ್ಲ. ಇಲ್ಲೇ ಹುಟ್ಟಿ ನಮ್ಮ ಮಾತು ಒಂದೂ ಬಾರದವರು ಕೂಡ ಫೋನಿನಿಂದ ಕಣ್ಣೆತ್ತದೆ ತಿರುಗಿಸಿದರು. ನಾನು ಸಾರಿನ ಬಟ್ಟಲನ್ನೇ ತಿರುಗಿಸಿದೆ. ಆಮೇಲೆ ಹುಳಿಯ ಮಾತು ಎತ್ತಲಿಲ್ಲ. ಇನ್ನೊಂದು ಬಟ್ಟಲು ಕೇಳಿ ಕುಡಿದೆ.

ಮಂಡಿನೋವು ಪರವಾಗಿಲ್ಲ, ಮಾತ್ರೆ ತಪ್ಪಿಸಿಲ್ಲ.

ನಾನು ಹೊರಟ ದಿನ, ವ್ಯಾನ್ ಬಂತೆಂದು ಅರ್ಧ ಊಟಕ್ಕೆ ಎದ್ದಾಗ, ನೀನು ಮುನಿಸಿನಿಂದ ತಲೆಯೆತ್ತಲಿಲ್ಲ. ನಾನೂ ಹಿಂತಿರುಗಿ ನೋಡಲಿಲ್ಲ. ಆದರೆ ಕ್ಷೇಮವಾಗಿ ತಲುಪಿದೆನಲ್ಲ ಅಕ್ಕ, ನೀನು ತಟ್ಟೆ ತಿರುಗಿಸಿರಲೇಬೇಕು.

ನಿನ್ನ ತಂಗಿ,
ಲುನಿಂಗ್